ಕಾಲು ಊರದೆ ಎಂಟು

ಜಪಾನಿನಲ್ಲಿ ಬೈಕ್ ಲೈಸೆನ್ಸ್ ಬೇಕಾದವರು ಹಲಗೆಯಂಥ ಒಂದು ದಿಂಡಿನ ಮೇಲೆ ಗಾಡಿ ದಾಟಿಸಿ ತೋರಿಸಬೇಕು. 15 ಮೀಟರ್ ಉದ್ದ, 30 ಸೆಂಟಿಮೀಟರ್ ಅಗಲ, ನೆಲದಿಂದ 5 ಸೆಂಟಿಮೀಟರ್ ಎತ್ತರ. 400 ಸಿಸಿ ದರ್ಜೆಯ ಗಾಡಿಯಾದರೆ ಕನಿಷ್ಠ 7 ಸೆಕೆಂಡು ಹಿಡಿಯಬೇಕು, ಅದಕ್ಕಿಂತ ದೊಡ್ಡದಾದರೆ 10 ಸೆಕೆಂಡು. ಬೇಗ ದಾಟಿದರೆ ಅಂಕ ಹೋಗುತ್ತದೆ. ಚಕ್ರ ಕೆಳಗಿಳಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. 15 ಮೀಟರಿಗೆ 10 ಸೆಕೆಂಡು ಅಂದರೆ ಗಂಟೆಗೆ 5.4 ಕಿಲೋಮೀಟರ್. ಬೆಳಗಿನ ವಾಕಿಂಗ್ ಹೋಗುವವರು ಅಷ್ಟು ವೇಗದಲ್ಲಿ ನಡೆಯುತ್ತಾರೆ.

ಬ್ರಿಟನ್ನಿನ ಪರೀಕ್ಷೆಯಲ್ಲೂ ಮೊದಲ ಹಂತ ಬಹುಪಾಲು ಹೀಗೆಯೇ. ಕೋನುಗಳ ನಡುವೆ ಹಾದುಹೋಗುವುದು, ಎಂಟರ ಆಕಾರ, ನಡಿಗೆಯ ವೇಗದಲ್ಲಿ ನೇರ ಓಡಿಸುವುದು, ಯೂ ಟರ್ನ್. ಆಮೇಲೆ 50 ಕಿಲೋಮೀಟರ್ ವೇಗ ಮುಟ್ಟಿಸಿ ತಟ್ಟನೆ ನಿಲ್ಲಿಸುವುದು. ನಾನು ಕೊಟ್ಟ ಟೆಸ್ಟಿನಲ್ಲೂ ಇವೇ ಇದ್ದವು, ಅಳತೆ ಬೇರೆ ಅಷ್ಟೆ. ಬೈಕ್ ಲೈಸೆನ್ಸ್ ಅಂದರೆ ಜೋರಾಗಿ ಓಡಿಸಲು ಕೊಡುವ ಅನುಮತಿ ಅಂದುಕೊಂಡವರು ಆ ಮೈದಾನಕ್ಕೆ ಒಮ್ಮೆ ಹೋಗಿ ನೋಡಬೇಕು. ಜೋರಾಗಿ ಓಡಿಸಲು ಯಾರಿಗೂ ಕಲಿಸಬೇಕಾಗಿಲ್ಲ. ಬೈಕು ಬೀಳುವುದು ನಿಧಾನವಾದಾಗ.

ನಲವತ್ತೈದು ದಾಟಿದ ಮೇಲೆ ಇದೆಲ್ಲ ಯಾಕೆ ಬೇಕಿತ್ತು ಅಂತ ಮನೆಯಲ್ಲಿ ಎಲ್ಲರೂ ಕೇಳಿದರು. ಬೇಕಿತ್ತು, ಅದಕ್ಕೇ. ಬೇರೆ ಉತ್ತರ ನನ್ನ ಹತ್ತಿರ ಆಗಲೂ ಇರಲಿಲ್ಲ, ಈಗಲೂ ಇಲ್ಲ.

ನಾನು ಗೇರಿಲ್ಲದ ಸ್ಕೂಟರಿನವಳು. ಬಹಳ ವರ್ಷ ಓಡಿಸಿದ್ದೇನೆ. ಎರಡು ಚಕ್ರದ ಮೇಲೆ ಬ್ಯಾಲೆನ್ಸ್ ಇದ್ದವಳಿಗೆ ಬೈಕ್ ಸುಲಭ ಅಂತ ಎಲ್ಲರೂ ಹೇಳುತ್ತಾರೆ, ನಂಬಬೇಡಿ. ಏನೂ ಓಡಿಸದೆ ಬಂದವರಿಗೆ ಹೊಸದನ್ನು ಕಲಿತರೆ ಸಾಕು. ಸ್ಕೂಟರಿನವರು ಮೊದಲು ಹಳೆಯದನ್ನು ಮರೆಯಬೇಕು. ಸ್ಕೂಟರಿನಲ್ಲಿ ಎರಡು ಕೈಗೂ ಬ್ರೇಕು, ಎಡಗೈಯದು ಹಿಂದಿನ ಚಕ್ರಕ್ಕೆ. ಬೈಕಿನಲ್ಲಿ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಕ್ಲಚ್ ಇದೆ. ಏನಾದರೂ ಅಡ್ಡ ಬಂದು ಬೆಚ್ಚಿದಾಗ ಎಡಗೈ ನಮ್ಮನ್ನು ಕೇಳದೆ ಬಿಗಿಯಾಗುತ್ತದೆ. ಸ್ಕೂಟರ್ ಆದರೆ ನಿಲ್ಲುತ್ತದೆ. ಬೈಕಿನಲ್ಲಿ ಇಂಜಿನ್ನಿಗೂ ಚಕ್ರಕ್ಕೂ ಇದ್ದ ಸಂಬಂಧ ಕಡಿದುಹೋಗಿ, ಇಂಜಿನ್ನಿನ ತಡೆಯೂ ತಪ್ಪಿ, ಗಾಡಿ ಇನ್ನಷ್ಟು ಸಲೀಸಾಗಿ ಮುಂದಕ್ಕೆ ಉರುಳುತ್ತದೆ. ನಿಲ್ಲಿಸಲು ಹಿಡಿದ ಕೈಯೇ ಗಾಡಿಯನ್ನು ಬಿಟ್ಟುಕೊಟ್ಟಿರುತ್ತದೆ. ಹಿಂದಿನ ಬ್ರೇಕು ಈಗ ಬಲಗಾಲಿನ ಕೆಳಗಿದೆ. ಸ್ಕೂಟರಿನಲ್ಲಿ ಸುಮ್ಮನೆ ಫುಟ್‌ಬೋರ್ಡ್ ಮೇಲೆ ಕೂತಿದ್ದ ಕಾಲಿಗೆ ಇದ್ದಕ್ಕಿದ್ದಂತೆ ಇಷ್ಟು ದೊಡ್ಡ ಜವಾಬ್ದಾರಿ.

ಯಾವ ಕೈಗೆ ಏನು, ಯಾವ ಕಾಲಿಗೆ ಏನು ಅನ್ನುವುದೂ ಮೊದಲಿನಿಂದ ಹೀಗೇ ಇದ್ದದ್ದಲ್ಲ. ಹಳೆಯ ಬ್ರಿಟಿಷ್ ಬೈಕುಗಳಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ ಇರುತ್ತಿತ್ತು. 1970ರ ದಶಕದ ಮಧ್ಯದಲ್ಲಿ ಅಮೆರಿಕ ಗೇರು ಎಡಗಾಲಿಗೇ ಇರಬೇಕು ಅಂತ ಕಡ್ಡಾಯ ಮಾಡಿತು. ಅಲ್ಲಿ ಮಾರಬೇಕಾದ ಕಂಪನಿಗಳು ಬದಲಾದವು. ಹಳೇ ಬುಲೆಟ್ ಮಾತ್ರ ಬಹಳ ಕಾಲ ಬಲಗಾಲಿನ ಗೇರಿನಲ್ಲೇ ಓಡಿತು. ನಮ್ಮ ದೊಡ್ಡಪ್ಪ ಅಂಥ ಬುಲೆಟ್ಟಿನವರು. ಬೇರೆಯವರ ಬೈಕ್ ಹತ್ತಿದಾಗಲೆಲ್ಲ ಗೇರ್ ಬದಲಾಯಿಸಲು ಹೋಗಿ ಬ್ರೇಕ್ ತುಳಿದು, ಹಿಂದೆ ಕೂತವರು ಅವರ ಬೆನ್ನಿಗೆ ಮುಖ ಹೊಡೆದುಕೊಳ್ಳುತ್ತಿದ್ದರು.

ನನಗೆ ಕಲಿಸಿದ್ದು ತಮ್ಮನ ಮಗಳು. ಮೊದಲ ಪಾಠದಲ್ಲಿ ಆಕ್ಸಿಲರೇಟರ್ ಮುಟ್ಟಲೇ ಬಿಡಲಿಲ್ಲ. ಸಮತಟ್ಟು ಜಾಗ, ಫಸ್ಟ್ ಗೇರು, ಎಡಗೈ ಮಾತ್ರ.

"ಅತ್ತೆ, ಕ್ಲಚ್ ಬಿಡಬೇಡಿ. ಬಿಡ್ತಾ ಇರಿ."

"ಹಾಗಂದ್ರೇನೇ?"

"ಕಚ್ಚತ್ತಲ್ಲ ಒಂದು ಕಡೆ, ಅಲ್ಲೇ ಹಿಡ್ಕೊಳಿ. ಆಮೇಲೆ ಮತ್ತೆ ಒಳಗೆ ಎಳ್ಕೊಳಿ. ಗಾಡಿ ಒಂದು ಹೆಜ್ಜೆ ಮುಂದೆ ಹೋಗಿ ನಿಲ್ಲಬೇಕು, ಅಷ್ಟೇ."

ಇಡೀ ಬೆಳಗು ಅದೇ. ಒಂದು ಹೆಜ್ಜೆ ಮುಂದೆ, ನಿಲ್ಲು. ಬೇಸರ ಬರುವ ಕೆಲಸ, ಆದರೆ ಪರೀಕ್ಷೆಯ ಮುಕ್ಕಾಲು ಭಾಗ ಆ ಬೆಳಗ್ಗೆಯೇ ಮುಗಿದಿತ್ತು ಅಂತ ಈಗ ಅನ್ನಿಸುತ್ತದೆ. ಹಾಫ್ ಕ್ಲಚ್ ಅಂತ ಎಲ್ಲರೂ ಹೇಳುವ ಆ ಜಾಗ ನಿಜಕ್ಕೂ ಅರ್ಧದಲ್ಲಿ ಇರುವುದಿಲ್ಲ. ಒಂದೊಂದು ಗಾಡಿಯಲ್ಲಿ ಒಂದೊಂದು ಕಡೆ ಇರುತ್ತದೆ, ಕೇಬಲ್ ಬಿಗಿ ಮಾಡಿಸಿದರೆ ಅದೂ ಜರುಗುತ್ತದೆ. ಹಾಗಾಗಿ ಟೆಸ್ಟಿಗೆ ಒಯ್ಯುವ ಗಾಡಿಯಲ್ಲೇ ಅಭ್ಯಾಸ ಮಾಡಬೇಕು. ಹಿಂದಿನ ದಿನ ಸರ್ವಿಸಿಗೆ ಕೊಡುವುದಂತೂ ಬೇಡವೇ ಬೇಡ.

ಕಾರು ಓಡಿಸುವವರಿಗೆ ಇಲ್ಲಿ ಮನಸ್ಸು ಚುರ್ ಅನ್ನುತ್ತದೆ. ಕಾರಿನಲ್ಲಿ ಕ್ಲಚ್ ಮೇಲೆ ಕಾಲಿಟ್ಟುಕೊಂಡು ಓಡಿಸಿದರೆ ಪ್ಲೇಟ್ ಸುಡುತ್ತದೆ ಅಂತ ಬೈಸಿಕೊಂಡು ಕಲಿತವರಲ್ಲವೇ ನಾವು. ಕಾರಿನದು ಸಾಮಾನ್ಯವಾಗಿ ಒಣ ಕ್ಲಚ್. ಬಹುಪಾಲು ಬೈಕುಗಳ ಕ್ಲಚ್ಚಿನಲ್ಲಿ ಹಲವು ಪ್ಲೇಟುಗಳು ಇಂಜಿನ್ ಆಯಿಲ್‌ನಲ್ಲಿ ನೆನೆದುಕೊಂಡಿರುತ್ತವೆ. ಜಾರಿದಾಗ ಹುಟ್ಟುವ ಬಿಸಿಯನ್ನು ಆಯಿಲ್ ಹೊತ್ತೊಯ್ಯುತ್ತದೆ. ಮೈದಾನದಲ್ಲಿ ಅಷ್ಟು ಹೊತ್ತು ಜಾರಿಸಿದರೆ ಅದು ತಡೆದುಕೊಳ್ಳುತ್ತದೆ. ನಡುನಡುವೆ ಗಾಡಿ ತಣಿಯಲು ಬಿಡಬೇಕು, ಅಷ್ಟೆ. ಇದು ತಿಳಿದ ಮೇಲೆ ನನ್ನ ಎಡಗೈ ಸ್ವಲ್ಪ ಧೈರ್ಯ ಮಾಡಿತು.

ಆಮೇಲೆ ಹಿಂದಿನ ಬ್ರೇಕು. ಇದು ನನಗೆ ಯಾರೂ ಹೇಳದೇ ಇದ್ದಿದ್ದರೆ ಜನ್ಮದಲ್ಲಿ ಹೊಳೆಯುತ್ತಿರಲಿಲ್ಲ. ನಿಧಾನಕ್ಕೆ ಹೋಗಬೇಕಾದರೆ ಆಕ್ಸಿಲರೇಟರ್ ಕಮ್ಮಿ ಮಾಡಬೇಕು ಅಂತ ತಾನೇ ಅನ್ನಿಸುವುದು? ಅಲ್ಲ. ಆಕ್ಸಿಲರೇಟರ್ ಚೂರು ಜಾಸ್ತಿಯೇ ಇಟ್ಟುಕೊಂಡು, ಅದು ಅಲುಗದ ಹಾಗೆ ಹಿಡಿದು, ಹಾಫ್ ಕ್ಲಚ್ಚಿನಲ್ಲಿ, ಬಲಗಾಲಿನಿಂದ ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡೇ ಹೋಗಬೇಕು. ಇಂಜಿನ್ ಮುಂದಕ್ಕೆ ಎಳೆಯುತ್ತಿರುತ್ತದೆ, ಬ್ರೇಕು ಹಿಂದಕ್ಕೆ. ನಡುವೆ ಚೈನು ಬಿಗಿಯಾಗಿ ನಿಂತಿರುತ್ತದೆ. ಚೈನಿನಲ್ಲಿ ಸಡಿಲ ಬಂತೋ, ಗಾಡಿ ಜಗ್ಗಿ ಜಗ್ಗಿ ಬಿಡುತ್ತದೆ, ಆ ಜಗ್ಗಾಟಕ್ಕೇ ಕಾಲು ನೆಲಕ್ಕೆ ಬರುವುದು. ವೇಗ ಹೆಚ್ಚಾಯಿತು ಅನ್ನಿಸಿದರೆ ಆಕ್ಸಿಲರೇಟರ್ ಮುಟ್ಟದೆ ಬ್ರೇಕಿನಲ್ಲೇ ಸರಿ ಮಾಡಿಕೊಳ್ಳಬೇಕು. ಮುಂದಿನ ಬ್ರೇಕಿಗೆ ಈ ಆಟದಲ್ಲಿ ಪ್ರವೇಶವಿಲ್ಲ. ಹ್ಯಾಂಡಲ್ ಪೂರ್ತಿ ತಿರುಗಿರುವಾಗ ಮುಂದಿನ ಬ್ರೇಕ್ ಹಿಡಿದರೆ ಗಾಡಿ ತಿರುಗಿದ ಕಡೆಗೇ ಧೊಪ್ಪನೆ ಮಲಗುತ್ತದೆ, ಮತ್ತೆ ಹಿಡಿದು ನಿಲ್ಲಿಸುವುದು ಯಾರ ಕೈಯಲ್ಲೂ ಆಗುವುದಿಲ್ಲ.

ವೇಗ ಇದ್ದಾಗ ಇದ್ಯಾವುದೂ ಬೇಕಾಗಿಲ್ಲ. ತಳ್ಳಿಬಿಟ್ಟ ಖಾಲಿ ಸೈಕಲ್ ಕೂಡ ಸ್ವಲ್ಪ ದೂರ ನೆಟ್ಟಗೆ ಹೋಗುತ್ತದಲ್ಲ. ಅದು ಚಕ್ರ ತಿರುಗುವುದರ ಗೈರೋಸ್ಕೋಪ್ ಬಲದಿಂದ ಅಂತ ನಾವೆಲ್ಲ ಓದಿದ್ದೆವು. 2011ರಲ್ಲಿ ಡೆಲ್ಫ್ಟ್ ಮತ್ತು ಕಾರ್ನೆಲ್ ವಿಶ್ವವಿದ್ಯಾಲಯಗಳ ಸಂಶೋಧಕರು ಆ ಬಲವನ್ನು ರದ್ದು ಮಾಡುವಂತೆ ಒಂದು ವಿಚಿತ್ರ ಸೈಕಲ್ ಕಟ್ಟಿ, ಅದೂ ತಾನಾಗಿ ನೆಟ್ಟಗೆ ನಿಲ್ಲುತ್ತದೆ ಅಂತ ‘ಸೈನ್ಸ್’ ಪತ್ರಿಕೆಯಲ್ಲಿ ತೋರಿಸಿದರು. ಕಾರಣ ಒಂದೇ ಅಲ್ಲ ಅಂತಾಯಿತು. ಗಾಡಿ ವಾಲಿದ ಕಡೆಗೆ ಮುಂದಿನ ಚಕ್ರ ತಾನೇ ತಿರುಗಿಕೊಂಡು ಬೀಳುವುದನ್ನು ತಪ್ಪಿಸುತ್ತದೆ, ಅದಕ್ಕೆ ಒಂದಷ್ಟು ವೇಗ ಬೇಕು. ನಡಿಗೆಯ ವೇಗದಲ್ಲಿ ಆ ಸಹಾಯ ಸಿಗುವುದಿಲ್ಲ. ಆಗ ಗಾಡಿ ನಿಲ್ಲುವುದು ನಮ್ಮ ಕೈ, ಕಾಲು, ಕಣ್ಣಿನಿಂದ ಮಾತ್ರ. ಪರೀಕ್ಷೆಯವರು ಆ ವೇಗವನ್ನೇ ಯಾಕೆ ಆರಿಸಿಕೊಂಡರು ಅಂತ ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ಕಣ್ಣಿನ ವಿಚಾರಕ್ಕೆ ನಾನು ಅವಳಿಂದ ಬೈಸಿಕೊಂಡಷ್ಟು ಬೇರೆ ಯಾವುದಕ್ಕೂ ಬೈಸಿಕೊಂಡಿಲ್ಲ. "ಅತ್ತೆ, ಕಣ್ಣೆಲ್ಲಿ? ಅತ್ತೆ, ಮುಂದಿನ ಚಕ್ರ ಎಲ್ಲೂ ಓಡಿಹೋಗಲ್ಲ, ಬಿಟ್ಬಿಡಿ ಅದನ್ನ." ನೆಲ ನೋಡಿದರೆ ಗಾಡಿ ನೆಲಕ್ಕೆ ಹೋಗುತ್ತದೆ, ಕೋನ್ ನೋಡಿದರೆ ಕೋನಿಗೆ. ಇದು ಗೊತ್ತಿರುವುದು ಬೇರೆ, ಕುತ್ತಿಗೆ ತಿರುಗುವುದು ಬೇರೆ. ಕೊನೆಗೆ ಅವಳೇ ಒಂದು ಉಪಾಯ ಮಾಡಿದಳು. ನಾನು ಸುತ್ತು ಹೊಡೆಯುವಾಗ ಅವಳು ವೃತ್ತದ ಆಚೆ ಬದಿಯಲ್ಲಿ ನನಗಿಂತ ಮುಂದೆ ನಡೆಯುತ್ತಾ ಬೆರಳು ಎತ್ತಿ ತೋರಿಸುವುದು, ನಾನು ಎಷ್ಟು ಅಂತ ಕೂಗಿ ಹೇಳುವುದು. ಬೆರಳು ಎಣಿಸಬೇಕಾದರೆ ನೆಲ ನೋಡಲು ಆಗುವುದಿಲ್ಲ. ಗದ್ದ ಹೆಗಲಿಗೆ ತಾಗುವಷ್ಟು ತಲೆ ತಿರುಗಿತು. ತಲೆ ತಿರುಗಿದರೆ ಭುಜ ತಿರುಗುತ್ತದೆ, ಭುಜ ತಿರುಗಿದರೆ ಹ್ಯಾಂಡಲ್. ಮೈದಾನದ ಅಂಚಿನಲ್ಲಿ ನಿಂತು ನೋಡಿದವರಿಗೆ, ಹೆಲ್ಮೆಟ್ ಹಾಕಿದ ಹೆಂಗಸೊಬ್ಬಳು ಬೈಕ್ ಮೇಲೆ ಸುತ್ತುತ್ತಾ "ಮೂರು! ನಾಲ್ಕು! ಎರಡು!" ಅಂತ ಅರಚುವುದು ಹೇಗೆ ಕಂಡಿತೋ ಏನೋ.

ಎಂಟರಲ್ಲಿ ಕಷ್ಟ ಎಲ್ಲಿದೆ ಅಂದರೆ ಸುತ್ತುಗಳಲ್ಲಿ ಅಲ್ಲ, ನಡುವಿನ ಗಂಟಿನಲ್ಲಿ. ಬಲಕ್ಕೆ ವಾಲಿದ ಗಾಡಿ ಎಡಕ್ಕೆ ವಾಲಬೇಕಾದ ಜಾಗ ಅದು. ಅಲ್ಲಿಗೆ ತಲುಪಿದ ಮೇಲೆ ತಲೆ ತಿರುಗಿಸಿದರೆ ತಡವಾಯಿತು, ಎರಡನೇ ಸುತ್ತು ಅಗಲವಾಗಿ ಗೆರೆ ಆಚೆ ಹೋಗುತ್ತದೆ. ಗಂಟು ಇನ್ನೂ ಒಂದು ಗಾಡಿಯುದ್ದ ದೂರ ಇರುವಾಗಲೇ ಕಣ್ಣು ಮುಂದಿನ ಸುತ್ತಿನ ಆಚೆ ತುದಿಗೆ ಹೋಗಿರಬೇಕು. ನಿಧಾನ ತಿರುವಿನಲ್ಲಿ ಗಾಡಿಯನ್ನು ಮಾತ್ರ ವಾಲಿಸಿ ನಾವು ನೆಟ್ಟಗೆ, ಇನ್ನೂ ಬೇಕಾದರೆ ತುಸು ಹೊರಗಡೆಗೆ ಕೂರಬೇಕು. ಮಂಡಿ ಟ್ಯಾಂಕನ್ನು ಒತ್ತಿಕೊಂಡಿದ್ದರೆ ಕೈಗೆ ಭಾರ ಬೀಳುವುದಿಲ್ಲ. ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿದುಕೊಳ್ಳುತ್ತೇವಲ್ಲ, ನನಗೆ ಆ ಗಂಟಿನ ಹತ್ತಿರ ಹಾಗಾಗುತ್ತಿತ್ತು. ಉಸಿರು ಹಿಡಿದರೆ ಭುಜ ಬಿಗಿ, ಭುಜ ಬಿಗಿಯಾದರೆ ಮೊಣಕೈ ಬಿಗಿ, ಹ್ಯಾಂಡಲ್ ತಿರುಗುವುದೇ ಇಲ್ಲ. ಬೆರಳು ಎಣಿಸಿ ಕೂಗುವ ಆಟ ಅದಕ್ಕೂ ಮದ್ದಾಯಿತು. ಕೂಗಬೇಕಾದರೆ ಉಸಿರು ಬಿಡಲೇಬೇಕು.

ವೇಗದಲ್ಲಿ ತಿರುಗುವ ಕತೆ ಇದಕ್ಕೆ ತದ್ವಿರುದ್ಧ. ಎಡಕ್ಕೆ ಹೋಗಬೇಕಾದರೆ ಎಡ ಹ್ಯಾಂಡಲನ್ನು ಮುಂದಕ್ಕೆ ತಳ್ಳಬೇಕು, ಅಂದರೆ ಚಕ್ರವನ್ನು ಕ್ಷಣಮಾತ್ರ ಬಲಕ್ಕೆ ತಿರುಗಿಸಬೇಕು. ಗಾಡಿ ಎಡಕ್ಕೆ ವಾಲುತ್ತದೆ, ವಾಲಿದ ಕಡೆಗೆ ತಿರುಗುತ್ತದೆ. ವಿಮಾನ ಹಾರಿಸಿದ ವಿಲ್ಬರ್ ರೈಟ್ ಮೂಲತಃ ಸೈಕಲ್ ಅಂಗಡಿಯವರು. ಎಡಕ್ಕೆ ಹೇಗೆ ತಿರುಗುತ್ತೀರಿ ಅಂತ ಅವರು ಹತ್ತಾರು ಸೈಕಲ್ ಸವಾರರನ್ನು ಕೇಳಿದ್ದರಂತೆ, ಒಬ್ಬರೂ ಮೊದಲ ಸಲಕ್ಕೆ ಸರಿಯಾಗಿ ಹೇಳಲಿಲ್ಲವಂತೆ. ಎಲ್ಲರೂ ಮಾಡುತ್ತಾರೆ, ಮಾಡುತ್ತಿದ್ದೇವೆ ಅಂತ ಗೊತ್ತಿಲ್ಲ. ನಾನೂ ಸ್ಕೂಟರಿನಲ್ಲಿ ಇಷ್ಟು ವರ್ಷ ಮಾಡಿದ್ದು ಅದನ್ನೇ. ಗೊತ್ತಾದ ಮೇಲೆ ಎರಡು ದಿನ ತಿರುಗುವುದೇ ಕಷ್ಟವಾಯಿತು ಅನ್ನುವುದು ಬೇರೆ ಮಾತು.

ಬರೆಯುವ ಪರೀಕ್ಷೆಗೆ ಹೆಚ್ಚು ಹೇಳಲು ಏನಿಲ್ಲ, ಓದಿದರೆ ಬರುತ್ತದೆ. ಒಂದೇ ಮಾತು: ಫಲಕಗಳನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡುವ ಬದಲು ಆಕಾರ ನೋಡಿ. ರಸ್ತೆ ಚಿಹ್ನೆಗಳಿಗೆ 1968ರ ವಿಯೆನ್ನಾ ಒಪ್ಪಂದ ಅಂತ ಒಂದಿದೆ, ಅದಕ್ಕೆ ಸೇರಿದ ದೇಶಗಳಲ್ಲೂ ಸೇರದ ಹಲವು ದೇಶಗಳಲ್ಲೂ ಲೆಕ್ಕ ಹೆಚ್ಚುಕಡಿಮೆ ಒಂದೇ. ಕೆಂಪು ಅಂಚಿನ ತ್ರಿಕೋನ ಎಚ್ಚರಿಕೆ, ಕೆಂಪು ಅಂಚಿನ ವೃತ್ತ ನಿಷೇಧ. ನಿಲ್ಲಿ ಅನ್ನುವುದಕ್ಕೆ ಮಾತ್ರ ಎಂಟು ಮೂಲೆ, ದಾರಿ ಬಿಡಿ ಅನ್ನುವುದಕ್ಕೆ ಮಾತ್ರ ತಲೆಕೆಳಗಾದ ತ್ರಿಕೋನ. ಆ ಎರಡನ್ನು ಧೂಳು ಮೆತ್ತಿಕೊಂಡಿದ್ದರೂ, ಹಿಂಬದಿಯಿಂದ ನೋಡಿದರೂ ಗುರುತು ಹಿಡಿಯಬಹುದು. ಎದುರು ರಸ್ತೆಯವನು ನಿಲ್ಲಬೇಕೋ ಬೇಡವೋ ಅಂತ ಅವನ ಫಲಕದ ಬೆನ್ನು ನೋಡಿ ತಿಳಿಯುವುದು ರಸ್ತೆಯಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಬಿದ್ದ ಗಾಡಿ ಎತ್ತುವುದನ್ನು ಕಲಿಯದೆ ಅಭ್ಯಾಸಕ್ಕೆ ಇಳಿಯಬೇಡಿ, ಅದರಲ್ಲೂ ನನ್ನಂಥ ಸಣ್ಣ ಗಾತ್ರದವರು. ಜಪಾನಿನ ತರಬೇತಿಯಲ್ಲಿ ಇದನ್ನು ಮೊದಲೇ ಕಲಿಸುತ್ತಾರೆ. ಸುಮಾರು 150 ಕಿಲೋ ತೂಕದ ಬೈಕನ್ನು ಎದುರು ನಿಂತು ಬಗ್ಗಿ ಎತ್ತಲು ಹೋದರೆ ಸೊಂಟ ಹೋಗುತ್ತದೆ. ಇಂಜಿನ್ ಆಫ್ ಮಾಡಿ, ಗಾಡಿ ಗೇರಿನಲ್ಲಿರಲಿ, ಉರುಳಬಾರದು. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡನ್ನು ಮೊದಲೇ ಬಿಚ್ಚಿಡಬೇಕು, ಇಲ್ಲದಿದ್ದರೆ ಎತ್ತಿದ ಗಾಡಿ ಆಚೆ ಕಡೆಗೆ ಬೀಳುತ್ತದೆ. ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಿನಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲಿನ ತುದಿ, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಪುಟ್ಟ ಪುಟ್ಟ ಹೆಜ್ಜೆ ಹಾಕುತ್ತಾ ಹಿಂದಕ್ಕೆ ತಳ್ಳಬೇಕು. ಎತ್ತುವುದು ಕಾಲು, ತೋಳಲ್ಲ. ನಾನು ಒಬ್ಬಳೇ ಎತ್ತಿದ ದಿನ ಲೈಸೆನ್ಸ್ ಸಿಕ್ಕ ದಿನಕ್ಕಿಂತ ಹೆಚ್ಚು ಬೀಗಿದ್ದೆ. ಬೀಳುವ ಭಯ ಹೋಗಲಿಲ್ಲ, ಆದರೆ ಬಿದ್ದ ಮೇಲಿನ ಭಯ ಹೋಯಿತು. ಕಲಿಯುವಾಗ ಹೆಚ್ಚು ಕಾಡುವುದು ಅದೇ, ಯಾರಾದರೂ ಬಂದು ಎತ್ತಿಕೊಡುವವರೆಗೆ ಪೆಚ್ಚಾಗಿ ನಿಲ್ಲಬೇಕಲ್ಲ ಅನ್ನುವುದು.

ಹೆಲ್ಮೆಟ್ ಬಗ್ಗೆ ಉಪದೇಶ ಮಾಡುವುದಿಲ್ಲ. ಒಂದು ಇತಿಹಾಸ ಮಾತ್ರ ಹೇಳುತ್ತೇನೆ. 1935ರಲ್ಲಿ ಟಿ.ಇ. ಲಾರೆನ್ಸ್, ಅರೇಬಿಯಾದ ಲಾರೆನ್ಸ್ ಅಂತ ಹೆಸರಾದವರು, ಇಂಗ್ಲೆಂಡಿನಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಅನ್ನುವ ಮಿದುಳು ಶಸ್ತ್ರಚಿಕಿತ್ಸಕರಿದ್ದರು. ಆಮೇಲೆ ಯುದ್ಧಕಾಲದಲ್ಲಿ ಸೈನ್ಯದ ಬೈಕ್ ಸವಾರರ ತಲೆಪೆಟ್ಟುಗಳನ್ನು ಅಧ್ಯಯನ ಮಾಡಿ, 1941ರಲ್ಲಿ ಹೆಲ್ಮೆಟ್ಟಿನ ಪರವಾಗಿ ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೈನ್ಯ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಇವತ್ತು ನಮ್ಮ ತಲೆ ಕಾಯುವುದು ಹೊಳೆಯುವ ಚಿಪ್ಪಿಗಿಂತ ಹೆಚ್ಚಾಗಿ ಒಳಗಿನ ಥರ್ಮೋಕೋಲಿನಂಥ ಪದರ. ಅದು ತಾನು ಜಜ್ಜಿಹೋಗಿ ಪೆಟ್ಟನ್ನು ನುಂಗುತ್ತದೆ, ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ. ಒಂದು ಸಲ ಜೋರಾಗಿ ಬಡಿದುಕೊಂಡ ಹೆಲ್ಮೆಟ್ ಹೊರಗೆ ಎಷ್ಟೇ ಚೆನ್ನಾಗಿ ಕಂಡರೂ ಬದಲಾಯಿಸಿ ಅನ್ನುವುದು ಅದಕ್ಕೇ. ಕೊಕ್ಕೆ ಹಾಕದೆ ತಲೆ ಮೇಲೆ ಸುಮ್ಮನೆ ಕೂರಿಸಿಕೊಂಡವರನ್ನು ಮೈದಾನದ ಗೇಟಿನಲ್ಲೇ ವಾಪಸ್ ಕಳಿಸಬೇಕು ಅಂತ ನನ್ನ ವೈಯಕ್ತಿಕ ಅಭಿಪ್ರಾಯ.

ಎಂಟು ಬಂತು, ನಿಧಾನ ಬಂತು, ಇನ್ನು ಟೆಸ್ಟಿಗೆ ಹೋಗಬಹುದು ಅಂದುಕೊಂಡಾಗ ಒಂದು ಅಧ್ಯಯನದ ಬಗ್ಗೆ ಓದಿದೆ. ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ತಂಡ ಲಾಸ್ ಏಂಜಲಿಸ್ ಸುತ್ತಮುತ್ತ 900 ಬೈಕ್ ಅಪಘಾತಗಳ ಜಾಗಕ್ಕೇ ಹೋಗಿ ತನಿಖೆ ಮಾಡಿ 1981ರಲ್ಲಿ ವರದಿ ಕೊಟ್ಟಿತು. ಅಪಘಾತಕ್ಕೆ ಸಿಕ್ಕ ಸವಾರರಲ್ಲಿ ಶೇ. 92ರಷ್ಟು ಜನ ತಾವೇ ಕಲಿತವರು, ಇಲ್ಲವೇ ಮನೆಯವರಿಂದಲೋ ಗೆಳೆಯರಿಂದಲೋ ಕಲಿತವರು. ಮನೆಯವರಿಂದ! ನನ್ನ ಎದುರು ಕೂತು ಮೊಬೈಲ್ ನೋಡುತ್ತಿದ್ದ ತಮ್ಮನ ಮಗಳಿಗೆ ಓದಿ ಹೇಳಿದೆ. ಅವಳಿಗೂ ಕಲಿಸಿದ್ದು ಅವಳ ಅಪ್ಪನೇ.

ಬ್ರೇಕಿನ ಪಾಠಕ್ಕೆ ಅಂತಲೇ ತರಬೇತಿ ಕೊಡುವವರ ಹತ್ತಿರ ಹೋದದ್ದು ಆಮೇಲೆ. ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು: ಅಪಾಯದ ಕ್ಷಣದಲ್ಲಿ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಚಕ್ರ ಜಾರಿಸಿಕೊಂಡರು, ಮುಂದಿನದನ್ನು ಸಾಕಷ್ಟು ಹಿಡಿಯಲಿಲ್ಲ. ಮುಂದಿನ ಬ್ರೇಕ್ ಮುಟ್ಟಿದರೆ ಪಲ್ಟಿ ಹೊಡೆಯುತ್ತೀ ಅಂತ ನಮ್ಮನ್ನು ಹೆದರಿಸಿ ಬೆಳೆಸಿದ್ದಾರಲ್ಲ, ಅದರ ಫಲ. ನಿಜವೇನೆಂದರೆ ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರಾಗಿ ಹಿಡಿತ ಕಳೆದುಕೊಳ್ಳುತ್ತದೆ. ನಿಲ್ಲಿಸುವ ಶಕ್ತಿ ಹೆಚ್ಚಾಗಿ ಇರುವುದು ಮುಂದಿನ ಚಕ್ರದಲ್ಲಿ. ಆದರೆ ಭಾರ ಬರುವ ಮೊದಲೇ ಕಿತ್ತು ಹಿಡಿದರೆ ಅದೂ ಜಾರುತ್ತದೆ.

"ಹಿಂಡಿ ಮೇಡಂ, ಕಿತ್ಕೋಬೇಡಿ," ಅಂದರು ಮಾಸ್ಟರು. ಮೊದಲು ಮೆಲ್ಲಗೆ, ಮುಂದಿನ ಫೋರ್ಕು ಕುಗ್ಗಿ ಕೂತಿತು ಅನ್ನಿಸಿದ ಮೇಲೆ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ. ಇವೆಲ್ಲ ಒಂದು ಸೆಕೆಂಡಿನೊಳಗೆ. ನಿಂತುಬಿಡುವ ಕೊನೆಯ ಗಳಿಗೆಯಲ್ಲಿ ತುಸು ಸಡಿಲ, ಕಾಲು ನೆಲಕ್ಕೆ. ನನ್ನ ಎಡಗೈ ಸ್ಕೂಟರಿನ ಕಾಲದ ಚಟಕ್ಕೆ ಮೊದಲು ತಾನೇ ಹಿಡಿಯುತ್ತಿತ್ತು, ಬಲಗೈ ಆಮೇಲೆ. ಮಾಸ್ಟರು ಎಡಗೈಯ ಬೆರಳುಗಳನ್ನು ಹ್ಯಾಂಡಲ್ ಸುತ್ತಿ ಇಟ್ಟುಕೊಳ್ಳಲು, ಬಲಗೈಯ ಎರಡು ಬೆರಳು ಯಾವಾಗಲೂ ಬ್ರೇಕಿನ ಮೇಲೆ ಇಟ್ಟುಕೊಳ್ಳಲು ಹೇಳಿದರು. ಎಡಗೈಗೆ ತಲುಪಲು ದೂರವಾಗಬೇಕು, ಬಲಗೈಗೆ ಹತ್ತಿರವಾಗಬೇಕು. ಇಷ್ಟು ಸರಳ.

50 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 14 ಮೀಟರ್. ಕಂಡು, ಕೈ ಹೋಗುವಷ್ಟರಲ್ಲಿ ಒಂದು ಸೆಕೆಂಡು ಕಳೆದರೆ ಬ್ರೇಕ್ ಹಿಡಿಯುವ ಮೊದಲೇ 14 ಮೀಟರ್ ಹೋಗಿರುತ್ತದೆ. ಒಣ ರಸ್ತೆಯಲ್ಲಿ ಚೆನ್ನಾಗಿ ಹಿಡಿದರೂ ನಿಲ್ಲಲು ಇನ್ನೂ ಅಷ್ಟೇ ದೂರ ಬೇಕು. ಅದೇ 25ರಲ್ಲಿ ಬ್ರೇಕಿನ ದೂರ ಅರ್ಧವಲ್ಲ, ಕಾಲು ಭಾಗ, ಮೂರೂವರೆ ಮೀಟರ್. ಎಬಿಎಸ್ ಇರುವ ಗಾಡಿಯಾದರೆ ಚಕ್ರ ಜಾರದಂತೆ ಅದೇ ನೋಡಿಕೊಳ್ಳುತ್ತದೆ. 1988ರಲ್ಲಿ ಬಿಎಂಡಬ್ಲ್ಯು ಕೆ100ರಲ್ಲಿ ಮೊದಲು ಬಂದ ಎಲೆಕ್ಟ್ರಾನಿಕ್ ಎಬಿಎಸ್, ಈಗ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಯುರೋಪಿನಲ್ಲಿ 2017ರಿಂದ, ಭಾರತದಲ್ಲಿ 2019ರ ಏಪ್ರಿಲ್‌ನಿಂದ ಕಡ್ಡಾಯ. ನಾನು ಕಲಿತ ಗಾಡಿಯಲ್ಲಿ ಇರಲಿಲ್ಲ. ಹಿಂಡುವುದು ಕೈಗೆ ಹತ್ತಿದ್ದು ಅದರಿಂದಲೇ ಇರಬೇಕು.

ಟೆಸ್ಟಿನ ದಿನ ಬಿಸಿಲಿತ್ತು, ಸಾಲಿತ್ತು, ಕಾಯುವುದಿತ್ತು. ಹೊರಡುವ ಮೊದಲು ಇಂಡಿಕೇಟರ್, ಹಾರ್ನ್, ಬ್ರೇಕ್ ಲೈಟ್ ತೋರಿಸಿ ಅಂದರು. ತೋರಿಸಿದೆ. ಒಂದು ಕಿವಿಮಾತು ಇಲ್ಲಿ ಹೇಳಲೇಬೇಕು: ಕನ್ನಡಿ ನೋಡಿದರೆ ಸಾಲದು, ನೋಡಿದ್ದು ಕಾಣಬೇಕು. ಹೆಲ್ಮೆಟ್ಟಿನ ಒಳಗಿನ ಕಣ್ಣು ಎಲ್ಲಿ ಹೋಯಿತು ಅಂತ ದೂರ ನಿಂತ ಪರೀಕ್ಷಕರಿಗೆ ಗೊತ್ತಾಗುವುದಿಲ್ಲ. ಹೊರಡುವಾಗ, ತಿರುಗುವ ಮೊದಲು, ಹೆಗಲ ಮೇಲಿಂದ ಹಿಂದಕ್ಕೆ ಒಮ್ಮೆ ಧಾರಾಳವಾಗಿ ತಲೆ ತಿರುಗಿಸಿ. ಕನ್ನಡಿಯಲ್ಲಿ ಕಾಣದ ಜಾಗ ಅದು, ರಸ್ತೆಯಲ್ಲೂ ಬೇಕಾದದ್ದೇ. ತಿರುವು ಮುಗಿದ ಮೇಲೆ ಇಂಡಿಕೇಟರ್ ಆಫ್ ಮಾಡಿ, ಬಹುಪಾಲು ಬೈಕುಗಳಲ್ಲಿ ಅದು ಕಾರಿನ ಹಾಗೆ ತಾನಾಗಿ ಆರುವುದಿಲ್ಲ.

ನಿಧಾನದ ಗೆರೆ ಮುಗಿಯಿತು. ಎಂಟಕ್ಕೆ ಇಳಿದಾಗ ಆಚೆ ತುದಿಯಲ್ಲಿ ನಿಂತಿದ್ದ ಯಾರದೋ ಕೆಂಪು ಶರ್ಟಿನ ಗುಂಡಿಗಳನ್ನು ಎಣಿಸುತ್ತಾ ತಿರುಗಿದೆ, ಮನಸ್ಸಿನಲ್ಲೇ, ಕೂಗಲಿಲ್ಲ. ಪುಣ್ಯಾತ್ಮ, ಅಲುಗಾಡದೆ ನಿಂತಿದ್ದ. ಗಂಟು ದಾಟಿದ್ದು ಗೊತ್ತೇ ಆಗಲಿಲ್ಲ. ತಟ್ಟನೆ ನಿಲ್ಲಿಸುವುದರಲ್ಲಿ ಬಲಗೈ ಮೊದಲು ಹೋಯಿತು. ಸ್ವಲ್ಪ ದೂರ ರಸ್ತೆಯಲ್ಲಿ ಹೋಗಿ ಬಂದ ಮೇಲೆ ಪರೀಕ್ಷಕರು ಕಾಗದದಲ್ಲಿ ಏನೋ ಬರೆದು, "ಆಯ್ತು, ಆ ಕಡೆ ನಿಲ್ಸಿ," ಅಂದರು. ಪಾಸೋ ಫೇಲೋ ಆ ಮುಖದಲ್ಲಿ ಏನೂ ಬರೆದಿರಲಿಲ್ಲ. ಸಹಿ ಹಾಕಲು ಕರೆದಾಗಲೇ ಗೊತ್ತಾದದ್ದು. ತಮ್ಮನ ಮಗಳು ಗೇಟಿನ ಹೊರಗಿಂದಲೇ ಎರಡೂ ಕೈಯ ಬೆರಳೆಲ್ಲ ಎತ್ತಿ ತೋರಿಸಿದಳು. ಹತ್ತು.

ಲೈಸೆನ್ಸ್ ಕೈಗೆ ಬಂದ ಮೇಲೆ ರಸ್ತೆಯಲ್ಲಿ ನಾನು ಹೆಚ್ಚು ನೋಡುವುದು ಎದುರಿನಿಂದ ಬಂದು ನಮ್ಮ ದಾರಿಗೆ ಅಡ್ಡವಾಗಿ ತಿರುಗುವ ಕಾರುಗಳನ್ನು. ಆ ವರದಿಯಲ್ಲಿ ಮತ್ತೆ ಮತ್ತೆ ಬರುವ ಅಪಘಾತ ಅದೇ: ಕೂಡುರಸ್ತೆ, ಬೈಕ್ ನೇರ ಬರುತ್ತಿದೆ, ಕಾರಿನವರು ಕಾಣಲೇ ಇಲ್ಲ ಅನ್ನುತ್ತಾರೆ. ತಪ್ಪಿಸಿಕೊಳ್ಳಲು ಸವಾರನಿಗೆ ಸಿಗುವುದು ಎರಡು ಸೆಕೆಂಡಿಗಿಂತ ಕಡಿಮೆ. ಟೆಸ್ಟಿನಲ್ಲಿ ಇದನ್ನು ಕೇಳಲು ಬರುವುದಿಲ್ಲ, ಕೇಳಬಾರದು ಕೂಡ. ಮಾಸ್ಟರು ಹೇಳಿಕೊಟ್ಟದ್ದು ಕಾರಿನವರ ಮುಖ ನೋಡಬೇಡಿ, ಮುಂದಿನ ಚಕ್ರ ನೋಡಿ ಅಂತ. ನಮ್ಮನ್ನೇ ನೋಡುತ್ತಿರುವಂತೆ ಕಾಣುವ ಮುಖ ನೋಡದೇ ಇರಬಹುದು. ಚಕ್ರ ಹೊರಳಿದರೆ ಕಾರು ಹೊರಟಿದೆ ಅಂತಲೇ ಅರ್ಥ. ಕೂಡುರಸ್ತೆ ಬಂತೆಂದರೆ ವೇಗ ಇಳಿಸಿ, ಎರಡು ಬೆರಳು ಬ್ರೇಕಿನ ಮೇಲೆ ಇಟ್ಟುಕೊಳ್ಳುತ್ತೇನೆ.

ಮಳೆಯಲ್ಲಿ ಇನ್ನೂ ಓಡಿಸಿಲ್ಲ. ಒದ್ದೆಯಾದಾಗ ಜೀಬ್ರಾ ಪಟ್ಟೆಯ ಬಣ್ಣ, ಮ್ಯಾನ್‌ಹೋಲಿನ ಕಬ್ಬಿಣದ ಮುಚ್ಚಳ ಎರಡೂ ಜಾರುತ್ತವೆ. ಬಹಳ ದಿನ ಒಣಗಿದ ರಸ್ತೆಗೆ ಬೀಳುವ ಮೊದಲ ಮಳೆಯಲ್ಲಂತೂ ಮೆತ್ತಿಕೊಂಡ ಆಯಿಲೆಲ್ಲ ಮೇಲೇಳುತ್ತದಂತೆ. ಮುಂದಿನ ಮಳೆಗೆ ಮೈದಾನದಲ್ಲೇ ಒಮ್ಮೆ ಬ್ರೇಕ್ ಹಾಕಿ ನೋಡೋಣ ಅಂತ ಮಾಸ್ಟರು ಹೇಳಿದ್ದಾರೆ. "ನಾನೂ ಬರ್ತೀನಿ ಅತ್ತೆ," ಅಂದಿದ್ದಾಳೆ ತಮ್ಮನ ಮಗಳು, "ವಿಡಿಯೋ ತೆಗೆಯೋಕೆ."